ಮತ್ತೆ ಮತ್ತೆ ಕೈ ಎತ್ತಬೇಕಾ? (ಓದುಗರ ಪ್ರಶ್ನೆ, ಪಾಸ್ಟರ್ ಉತ್ತರ)

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಮೇಲೆ ಇದ್ವು, ನಾನು ನಿಜವಾಗ್ಲೂ ರಕ್ಷಣೆ (ಪಾಪದಿಂದ ಬಿಡುಗಡೆ) ಹೊಂದಿದೀನಾ, ದೇವರ ಚಿತ್ತದ ಪ್ರಕಾರ ನಡೀತಿದೀನಾ ಅಂತ. ಅದಕ್ಕೆ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟು ನಾಲ್ಕು ಪತ್ರ ಮಾತ್ರ ತಗೊಂಡಿದೀನಿ. ಹೆಸರು ಹಾಕಬೇಡಿ ಅಂತ ಇಬ್ಬರು ಕೇಳ್ಕೊಂಡಿದ್ರು, ನಾನು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಪಾಸ್ಟರ್ ಅವರಿಗೆ ವಂದನೆಗಳು. ನಾನು ನರ್ಸ್, ವಯಸ್ಸು 34. ಪಿಯುಸಿ ಓದುವಾಗ ಒಂದು ಯೂತ್ ಕ್ಯಾಂಪ್‌ನಲ್ಲಿ ಯೇಸುವನ್ನ ನನ್ನ ರಕ್ಷಕ ಅಂತ ಒಪ್ಕೊಂಡೆ. ಆದ್ರೆ ಆಮೇಲೆ ಯಾವ ಕನ್ವೆನ್ಷನ್‌ಗೆ ಹೋದ್ರೂ ಕೊನೇಲಿ "ಇವತ್ತು ತೀರ್ಮಾನ ಮಾಡೋರು ಕೈ ಎತ್ತಿ" ಅಂದ ತಕ್ಷಣ ನನ್ನ ಕೈ ಮೇಲೆ ಹೋಗುತ್ತೆ, ಹಿಂದೆ ಮಾಡಿದ್ದು ಸರಿಯಾಗಿ ಆಗಿಲ್ವೇನೋ ಅಂತ ಭಯ. ನನ್ನ ಬೈಬಲ್‌ನ ಕೊನೇ ಖಾಲಿ ಹಾಳೇಲಿ ಆರು ತಾರೀಖು ಬರ್ದಿದೀನಿ, ಅದರಲ್ಲಿ ನಾಲ್ಕನ್ನ ನಾನೇ ಗೀಟು ಎಳೆದು ಹೊಡೆದು ಹಾಕಿದೀನಿ. "ಸ್ವಾಮೀ, ಸ್ವಾಮೀ" ಅನ್ನೋರೆಲ್ಲ ಅಲ್ಲ, ತಂದೆಯ ಚಿತ್ತದ ಪ್ರಕಾರ ನಡೆಯೋನೇ ಪರಲೋಕರಾಜ್ಯಕ್ಕೆ ಸೇರ್ತಾನೆ ಅನ್ನೋ ಮತ್ತಾಯ 7:21 ಓದಿದ್ರೆ ಎದೆ ಡವಡವ ಅನ್ನುತ್ತೆ. ನೈಟ್ ಡ್ಯೂಟಿ ಮುಗಿಸಿ ಬಂದು ಪ್ರಾರ್ಥನೆ ಮಾಡೋಕೂ ಆಗಲ್ಲ, ನಿದ್ದೆ ಬಂದುಬಿಡುತ್ತೆ. ಹೋದ ತಿಂಗಳು ಒಬ್ಬ ಜೂನಿಯರ್ ಹುಡುಗಿ ಮೇಲೆ ಪೇಷೆಂಟ್ ಎದುರಿಗೇ ಕೂಗಾಡಿಬಿಟ್ಟೆ, ಅವಳ ಜೊತೆ ಇವತ್ತಿನವರೆಗೂ ಮಾತಾಡಿಲ್ಲ. ಇಂಥ ನಾನು ದೇವರ ಚಿತ್ತ ಮಾಡ್ತಿದೀನಿ ಅಂತ ಹೇಗೆ ಹೇಳ್ಲಿ?

ಉತ್ತರ: ತಂಗಿ, ನಿಮ್ಮ ಪತ್ರ ಎರಡು ಸಲ ಓದಿದೆ. ಆ ಹೊಡೆದು ಹಾಕಿದ ನಾಲ್ಕು ತಾರೀಖು ನನ್ನ ಮನಸ್ಸಿಂದ ಹೋಗ್ತಾನೇ ಇಲ್ಲ, ಯಾಕಂದ್ರೆ ಚಿಕ್ಕ ವಯಸ್ಸಲ್ಲಿ ನಾನೂ ಹೀಗೇ ಪದೇ ಪದೇ ಕೈ ಎತ್ತಿದವನು, ಒಂದು ಸಲ ಎತ್ತಿ ಕೆಳಗಿಳಿಸಿ, ಪ್ರಸಂಗಿಗಳು ನೋಡಿದ್ರೋ ಇಲ್ವೋ ಅಂತ ಮತ್ತೆ ಎತ್ತಿದ್ದೂ ಇದೆ.

ಮೊದಲು ಆ ವಚನವನ್ನ 21ಕ್ಕೇ ನಿಲ್ಲಿಸದೆ 22, 23 ಕೂಡ ಓದಿ. "ಸ್ವಾಮೀ, ಸ್ವಾಮೀ" ಅಂತ ಬಾಗಿಲಲ್ಲಿ ನಿಂತಿರೋರು ಯಾರು ನೋಡಿ. ಅವರಿಗೆ ಭಯಾನೇ ಇಲ್ಲ. ನಿನ್ನ ಹೆಸರಲ್ಲಿ ಪ್ರವಾದನೆ ಹೇಳಿದ್ವಲ್ಲ, ದೆವ್ವ ಬಿಡಿಸಿದ್ವಲ್ಲ, ದೊಡ್ಡ ದೊಡ್ಡ ಮಹತ್ಕಾರ್ಯ ಮಾಡಿದ್ವಲ್ಲ ಅಂತ ಲಿಸ್ಟ್ ಹಿಡ್ಕೊಂಡು ವಾದ ಮಾಡ್ತಾರೆ. ಯೇಸು ಆ ಲಿಸ್ಟ್ ಸುಳ್ಳು ಅಂತ ಹೇಳಲ್ಲ, ಚಿಕ್ಕದಾಯ್ತು ಅಂತಾನೂ ಹೇಳಲ್ಲ. ನನಗೆ ನಿಮ್ಮ ಗುರುತೇ ಇಲ್ಲ ಅಂತಾನೆ, ಅಧರ್ಮ ಮಾಡೋರೇ ಹೋಗಿ ಅಂತಾನೆ. ಅಷ್ಟು ಪವಾಡ ಮಾಡಿಯೂ ಅವನಿಗೆ ಗುರುತಿಲ್ಲದೋರು ಅವರು. ನಿಮ್ಮ ಕೈಲಿ ತೋರಿಸೋಕೆ ಲಿಸ್ಟೇ ಇಲ್ಲ, ಇರೋದು ಬರೀ ಅಳು, ಹಾಗಾಗಿ ಆ ಗುಂಪಲ್ಲಿ ನಿಮ್ಮನ್ನ ನೀವೇ ಹೋಗಿ ಯಾಕೆ ನಿಲ್ಲಿಸ್ಕೊತೀರಿ?

ಹಾಗಂತ ವಚನದ ಬಿಸಿಯನ್ನ ನಾನು ಆರಿಸಬಾರದು. ತಂದೆಯ ಚಿತ್ತದ ಪ್ರಕಾರ ನಡೆಯೋನೇ ಒಳಗೆ ಹೋಗ್ತಾನೆ ಅನ್ನೋ ಮಾತು ಅಲ್ಲೇ ಇದೆ, ಅದನ್ನ ಅಳಿಸೋಕೆ ಯಾರಿಗೂ ಆಗಲ್ಲ. ಹಾಗಾದ್ರೆ ತಂದೆಯ ಚಿತ್ತ ಏನು? ಯೇಸುವೇ ಯೋಹಾನ 6:40ರಲ್ಲಿ ಹೇಳ್ತಾನೆ, ಮಗನನ್ನ ನೋಡಿ ಅವನಲ್ಲಿ ನಂಬಿಕೆ ಇಡೋ ಪ್ರತಿಯೊಬ್ಬರಿಗೂ ನಿತ್ಯಜೀವ ಸಿಗಬೇಕು ಅನ್ನೋದೇ ನನ್ನ ತಂದೆಯ ಚಿತ್ತ ಅಂತ. ಅದು ಬೇರು. ಮತ್ತಾಯ 5ರಿಂದ 7ರವರೆಗೆ ಇರೋ ಪರ್ವತ ಪ್ರಸಂಗ, ಕೋಪ ಬಿಡೋದು, ಹೌದು ಅಂದ್ರೆ ಹೌದು ಅನ್ನೋದು, ವೈರಿಗೋಸ್ಕರ ಪ್ರಾರ್ಥನೆ ಮಾಡೋದು, ಅದು ಹಣ್ಣು. ನೀವು ಮಾಡ್ತಿರೋ ತಪ್ಪು ಒಂದೇ, ಹಣ್ಣು ಎಷ್ಟು ಬಿಟ್ಟಿದೆ ಅಂತ ನೋಡೋಕೆ ವಾರಕ್ಕೊಂದು ಸಲ ಗಿಡಾನೇ ಬೇರುಸಮೇತ ಕಿತ್ತು ಮತ್ತೆ ನೆಡ್ತಾ ಇದೀರಿ.

ಇಲ್ಲಿ ನಿಮಗೆ ಮೆಥಡಿಸ್ಟ್ ಸಭೆಗಳನ್ನ ಶುರು ಮಾಡಿದ ಇಂಗ್ಲೆಂಡಿನ ಜಾನ್ ವೆಸ್ಲಿ ಕಥೆ ಹೇಳ್ಬೇಕು. ಮೈಸೂರು ಸೀಮೆಯ ಹಳೇ ಸಭೆಗಳಿಗೆ ವೆಸ್ಲಿ ಹೆಸರು ಹೊಸದಲ್ಲ, ಮೈಸೂರಿನ ವೆಸ್ಲಿ ಪ್ರೆಸ್‌ನಲ್ಲಿ ಅಚ್ಚಾದ ಪುಸ್ತಕಗಳು ಎಷ್ಟೋ ಮನೆಗಳಲ್ಲಿ ಇದ್ವು, ಆ ಪ್ರೆಸ್ ನಡೆಸ್ತಿದ್ದ ವೆಸ್ಲಿಯನ್ ಮಿಷನ್ ಕಟ್ಟಿದ ಸಭೆಗಳೇ 1947ರಲ್ಲಿ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸೇರಿದ್ದು. ಆದ್ರೆ ಆ ಮನುಷ್ಯನ ಒಳಗಿನ ಒದ್ದಾಟ ನಮ್ಮ ಸಭೆಗಳಲ್ಲಿ ಯಾರೂ ಅಷ್ಟಾಗಿ ಹೇಳಲ್ಲ. ಆಕ್ಸ್‌ಫರ್ಡ್‌ನಲ್ಲಿ ಓದಿದವರು, ದೀಕ್ಷೆ ಆಗಿದ್ದ ಪಾದ್ರಿ. ವಿದ್ಯಾರ್ಥಿಗಳ ಒಂದು ಗುಂಪು ಕಟ್ಕೊಂಡು ವಾರಕ್ಕೆ ಎರಡು ದಿನ ಉಪವಾಸ, ಜೈಲಿಗೆ ಹೋಗಿ ಕೈದಿಗಳನ್ನ ನೋಡೋದು, ಬಡವರಿಗೆ ದಾನ, ಪ್ರತಿ ಗಂಟೆಗೂ ಲೆಕ್ಕ. ವಿಧೇಯತೆ ವಿಷಯದಲ್ಲಿ ಅವರ ಹತ್ತಿರ ಬೆರಳು ತೋರಿಸೋಕೆ ಜಾಗ ಇರ್ಲಿಲ್ಲ, ಆದ್ರೆ ಎದೇಲಿ ಸಮಾಧಾನ ಇರ್ಲಿಲ್ಲ. 1735ರಲ್ಲಿ ಮಿಷನರಿಯಾಗಿ ಅಮೆರಿಕದ ಜಾರ್ಜಿಯಾಕ್ಕೆ ಹಡಗು ಹತ್ತಿದ್ರು. 1736ರ ಜನವರಿಯಲ್ಲಿ ನಡುಸಮುದ್ರದಲ್ಲಿ ದೊಡ್ಡ ಬಿರುಗಾಳಿ ಎದ್ದು, ಅಲೆ ಹಡಗಿನ ಮೇಲೇ ಬಿದ್ದು ದೊಡ್ಡ ಹಾಯಿ ಹರಿದು ಚೂರಾಯ್ತು. ಇಂಗ್ಲಿಷಿನವರು ಕಿರುಚ್ತಿದ್ದಾರೆ, ಅದೇ ಹಡಗಲ್ಲಿದ್ದ ಮೊರೇವಿಯನ್ ಸಭೆಯ ಜರ್ಮನ್ನರು ಕೀರ್ತನೆ ಹಾಡ್ತಾ ಇದ್ದೋರು ಹಾಡ್ತಾನೇ ಇದ್ರು. ಆಮೇಲೆ ವೆಸ್ಲಿ ಒಬ್ಬರನ್ನ ಕೇಳಿದ್ರು, ನಿಮಗೆ ಭಯ ಆಗ್ಲಿಲ್ವಾ? ದೇವರಿಗೆ ಸ್ತೋತ್ರ, ಇಲ್ಲ ಅಂದ್ರು. ನಿಮ್ಮ ಹೆಂಗಸರು ಮಕ್ಕಳಿಗೂ? ನಮ್ಮ ಹೆಂಗಸರು ಮಕ್ಕಳು ಸಾಯೋಕೆ ಹೆದರಲ್ಲ ಅಂದ್ರು.

ಜಾರ್ಜಿಯಾ ಮುಟ್ಟಿದ ಮೇಲೆ ಸ್ಪಾಂಗೆನ್‌ಬರ್ಗ್ ಅನ್ನೋ ಮೊರೇವಿಯನ್ ಪಾಸ್ಟರ್ ನೇರವಾಗಿ ಕೇಳಿದ್ರು, ನಿಮಗೆ ಯೇಸು ಕ್ರಿಸ್ತ ಗೊತ್ತಾ ಅಂತ. ವೆಸ್ಲಿ ತಡವರಿಸಿ, ಅವನು ಲೋಕರಕ್ಷಕ ಅಂತ ಗೊತ್ತು ಅಂದ್ರು. ಅದು ಸರಿ, ಆದ್ರೆ ನಿಮ್ಮನ್ನ ರಕ್ಷಿಸಿದಾನೆ ಅಂತ ಗೊತ್ತಾ? ನನ್ನ ರಕ್ಷಿಸೋಕೆ ಸತ್ತಿದಾನೆ ಅಂತ ನಿರೀಕ್ಷೆ ಇದೆ ಅಂದ್ರು. ನಿಮಗೇ ನಿಮ್ಮ ಬಗ್ಗೆ ಗೊತ್ತಾ ಅಂತ ಇನ್ನೊಂದು ಸಲ ಕೇಳಿದ್ದಕ್ಕೆ ಗೊತ್ತು ಅಂತ ಹೇಳಿಬಿಟ್ರು, ಆದ್ರೆ ಅವು ಬರೀ ಪೊಳ್ಳು ಮಾತೇನೋ ಅಂತ ಡೈರಿಯಲ್ಲಿ ಬರ್ಕೊಂಡ್ರು. ಎಂಥ ಪ್ರಾಮಾಣಿಕ ಮನುಷ್ಯ ನೋಡಿ.

ವಾಪಸ್ ಲಂಡನ್‌ಗೆ ಸೋತು ಬಂದ್ರು. 1738ರ ಮೇ 24ರ ಸಂಜೆ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಮನಸ್ಸಿಲ್ಲದ ಮನಸ್ಸಿಂದ ಹೋದ್ರು, ಆಗ ಅವರ ವಯಸ್ಸು ನಿಮ್ಮದೇ, 34. ಅಲ್ಲಿ ಯಾರೋ ಒಬ್ಬರು ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿ ಓದ್ತಿದ್ರು. ಒಂಬತ್ತಕ್ಕೆ ಕಾಲು ಗಂಟೆ ಇರುವಾಗ, ಕ್ರಿಸ್ತನ ಮೂಲಕ ದೇವರು ಹೃದಯದಲ್ಲಿ ಮಾಡೋ ಬದಲಾವಣೆ ಬಗ್ಗೆ ಕೇಳ್ತಾ ಇದ್ದಾಗ ಅವರ ಎದೆ ಬೆಚ್ಚಗಾಯ್ತು. ರಕ್ಷಣೆಗೆ ಕ್ರಿಸ್ತನೊಬ್ಬನನ್ನೇ ನಂಬಿದೀನಿ, ಅವನು ನನ್ನ ಪಾಪ, ಹೌದು ನನ್ನದೇ, ತೆಗೆದುಬಿಟ್ಟಿದಾನೆ ಅನ್ನೋ ನಿಶ್ಚಯ ಬಂತು.

ಪ್ರಸಂಗಗಳಲ್ಲಿ ಕಥೆ ಇಲ್ಲಿಗೇ ಮುಗಿಸಿಬಿಡ್ತಾರೆ, ನಿಮಗೆ ಬೇಕಾಗಿರೋದು ಮುಂದಿನ ಭಾಗ. ಅವತ್ತೇ ರಾತ್ರಿ ಮನೆಗೆ ಬಂದ ಮೇಲೆ ಶೋಧನೆ ಮತ್ತೆ ಮುತ್ತಿಕೊಳ್ತು. ಅದಕ್ಕೂ ಮುಂಚೇನೇ, ಇದು ನಂಬಿಕೆ ಆಗಿದ್ರೆ ಸಂತೋಷ ಎಲ್ಲಿ ಅಂತ ಸೈತಾನ ಕೆಣಕಿದ ಅಂತ ಬರೀತಾರೆ. ಏಳು ತಿಂಗಳಾದ ಮೇಲೆ, 1739ರ ಜನವರಿ 4ರಂದು, ನಾನೀಗ ಕ್ರೈಸ್ತನಲ್ಲ ಅಂತಾನೇ ಬರ್ಕೊಂಡಿದಾರೆ, ಪ್ರೀತಿ ಇಲ್ಲ ಸಂತೋಷ ಇಲ್ಲ ಸಮಾಧಾನ ಇಲ್ಲ ಅಂತ! ಆದ್ರೂ ಮೇ 24ನ್ನ ಸುಳ್ಳು ಅಂತ ಬದಿಗೆ ತಳ್ಳಿ ಹೊಸದಾಗಿ ಶುರು ಮಾಡ್ಲಿಲ್ಲ. ಅದೇ ವರ್ಷ ಬ್ರಿಸ್ಟಲ್ ಹತ್ತಿರದ ಬಯಲಲ್ಲಿ, ಚರ್ಚಿಗೆ ಕಾಲಿಡದ ಕಲ್ಲಿದ್ದಲು ಗಣಿ ಕೂಲಿಗಳಿಗೆ ಸುವಾರ್ತೆ ಹೇಳೋಕೆ ನಿಂತ್ರು, 1791ರಲ್ಲಿ ತೀರಿಹೋಗೋವರೆಗೂ ನಿಲ್ಲಿಸ್ಲಿಲ್ಲ, ಸಾಯೋ ಕೆಲವೇ ದಿನ ಮುಂಚೆ ಕೂಡ ಗುಲಾಮಗಿರಿ ವಿರುದ್ಧ ಹೋರಾಡ್ತಿದ್ದ ವಿಲ್ಬರ್‌ಫೋರ್ಸ್‌ಗೆ ಧೈರ್ಯ ಹೇಳಿ ಪತ್ರ ಬರೆದ್ರು. ಎದೆ ಬೆಚ್ಚಗಿದ್ದ ದಿನವೂ ತಣ್ಣಗಾದ ದಿನವೂ ಅದೇ ಕ್ರಿಸ್ತ ಅಂತ ಗೊತ್ತಾದ ಮೇಲೆ ಅವರ ವಿಧೇಯತೆಗೆ ಮೊದಲಿದ್ದ ಆ ಜೀತದ ಭಾರ ಇರ್ಲಿಲ್ಲ.

ಈಗ ನಿಮ್ಮ ವಿಷಯಕ್ಕೆ. ಇನ್ಮೇಲೆ ಕೈ ಎತ್ತಬೇಡಿ. ಎಷ್ಟೇ ದೊಡ್ಡ ಪ್ರಸಂಗಿ ಕರೆದ್ರೂ ಆ ಕರೆಗೆ ಎತ್ತಬೇಡಿ, ಇದನ್ನ ನಿಮ್ಮ ಪಾಸ್ಟರ್ ಆಗಿ ಹೇಳ್ತಿದೀನಿ ಅನ್ಕೊಳ್ಳಿ. ಆ ಖಾಲಿ ಹಾಳೇಲಿ ಆರು ತಾರೀಖಿನ ಕೆಳಗೆ 1 ಯೋಹಾನ 5:13 ಬರ್ಕೊಳ್ಳಿ, ನಿತ್ಯಜೀವ ಇದೆ ಅಂತ ನಿಮಗೆ ಗೊತ್ತಾಗ್ಲಿ ಅಂತಾನೇ ಇದನ್ನ ಬರೆದಿದೀನಿ ಅಂತಾನೆ ಯೋಹಾನ. ಅದೇ ಪತ್ರಿಕೆಯ 3:20ನ್ನೂ ಬರ್ಕೊಳ್ಳಿ, ನಮ್ಮ ಹೃದಯ ನಮ್ಮನ್ನ ಅಪರಾಧಿ ಅಂದ್ರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು ಅಂತ ಅಲ್ಲಿದೆ. ನೈಟ್ ಡ್ಯೂಟಿ ಮುಗಿಸಿ ಬಂದವರಿಗೆ ನಿದ್ದೆ ಬರೋದು ಪಾಪ ಅಲ್ಲ, ಒಂದು ವಾಕ್ಯ ಹೇಳಿ ಮಲ್ಕೊಳ್ಳಿ, ರೋಗಿಗೆ ರಾತ್ರಿ ಎರಡು ಗಂಟೆಗೆ ನೀರು ಕುಡಿಸಿದ್ದನ್ನ ನಿಮ್ಮ ತಂದೆ ನೋಡಿದಾನೆ.

ಇನ್ನು ಆ ಜೂನಿಯರ್ ಹುಡುಗಿ. ಅಲ್ಲಿ ಮಾತ್ರ ದೇವರ ಚಿತ್ತ ಏನು ಅಂತ ನಿಮಗೂ ಗೊತ್ತು, ನನಗೂ ಗೊತ್ತು, ಮತ್ತಾಯ 5:23, 24 ತೆಗೆದ್ರೆ ಅಲ್ಲೇ ಇದೆ, ಕಾಣಿಕೆ ಬಿಟ್ಟು ಮೊದಲು ಹೋಗಿ ರಾಜಿ ಮಾಡ್ಕೋ ಅಂತ. ಮುಂದಿನ ಡ್ಯೂಟಿಗೆ ಹೋದಾಗ ಹ್ಯಾಂಡೋವರ್‌ಗೂ ಮುಂಚೆ ಅವಳನ್ನ ಪಕ್ಕಕ್ಕೆ ಕರೆದು, ತಪ್ಪು ನಂದು ಕಣೇ ಅನ್ನಿ. ಪೇಷೆಂಟ್ ಎದುರಿಗೆ ಕೂಗಾಡಿದ್ರಿ, ಆದ್ದರಿಂದ ಆ ವಾರ್ಡಲ್ಲಿ ಇನ್ನೊಬ್ಬರು ಇದ್ದಾಗ ಹೇಳಿದ್ರೆ ಇನ್ನೂ ಒಳ್ಳೇದು. ಇದರಿಂದ ರಕ್ಷಣೆ ಸಿಗುತ್ತೆ ಅಂತಲ್ಲ ತಂಗಿ, ರಕ್ಷಣೆ ಸಿಕ್ಕಿರೋ ಮಗಳು ಮಾಡೋ ಕೆಲಸ ಇದು. ಆಗ ಗೊತ್ತಾಗುತ್ತೆ ನೋಡಿ, ನಿಮ್ಮ ಒಳಗೆ ಕೆಲಸ ಮಾಡ್ತಿರೋರು ಯಾರು ಅಂತ.

ಪ್ರಶ್ನೆ: ಬ್ರದರ್, ನಾನು ತುಮಕೂರಲ್ಲಿ ಇಂಜಿನಿಯರಿಂಗ್ ಓದ್ತಿದೀನಿ. ನನ್ನ ರೂಮ್‌ಮೇಟ್ ಬೇರೆ ಸಭೆಯವನು, ಒಂದು ಸಲ ರಕ್ಷಣೆ ಆದ್ರೆ ಯಾವತ್ತೂ ಹೋಗಲ್ಲ ಅಂತಾನೆ. ಹಾಗಾದ್ರೆ ಹೇಗೆ ಬೇಕಾದ್ರೂ ಇರಬಹುದಲ್ವಾ, ವಿಧೇಯತೆ ಯಾಕೆ ಬೇಕು?

ಉತ್ತರ: ತಮ್ಮಾ, ನಿನ್ನ ಪ್ರಶ್ನೆ ಪೌಲನ ಕಾಲದ್ದೇ, ರೋಮಾಪುರದವರಿಗೆ 6ನೇ ಅಧ್ಯಾಯ ಇದೇ ಪ್ರಶ್ನೆಯಿಂದ ಶುರು ಆಗುತ್ತೆ, ಕೃಪೆ ಜಾಸ್ತಿ ಆಗ್ಲಿ ಅಂತ ಪಾಪ ಮಾಡ್ತಾ ಇರೋಣ್ವಾ ಅಂತ, ಖಂಡಿತ ಬೇಡ ಅಂತಾನೆ ಪೌಲ. ನಿನ್ನ ರೂಮ್‌ಮೇಟ್ ಹೇಳೋ ಮಾತಿಗೆ ದೊಡ್ಡ ಇತಿಹಾಸ ಇದೆ, 1618–19ರಲ್ಲಿ ಹಾಲೆಂಡಿನ ಡಾರ್ಟ್ ಊರಲ್ಲಿ ಸೇರಿದ ಸಿನೊಡ್ (ಸಭಾ ಪ್ರತಿನಿಧಿಗಳ ಸಮ್ಮೇಳನ), ದೇವರು ಆರಿಸಿಕೊಂಡವರನ್ನ ಕೊನೇವರೆಗೂ ಕಾಯ್ತಾನೆ ಅಂತ ತೀರ್ಮಾನ ಮಾಡ್ತು. ಮೇಲೆ ಹೇಳಿದ ವೆಸ್ಲಿ ಇದನ್ನ ಒಪ್ಪಲಿಲ್ಲ, ನಂಬಿಕೆ ಬಿಟ್ಟು ಬಿದ್ದುಹೋಗೋಕೆ ಸಾಧ್ಯ ಅಂದ್ರು, ಇಬ್ರಿಯ 6ನೇ ಅಧ್ಯಾಯದ ಎಚ್ಚರಿಕೆ ಸುಮ್ನೆ ಬರೆದಿದ್ದಲ್ಲ ಅಂತ. ಕಥೋಲಿಕರ ಟ್ರೆಂಟ್ ಮಹಾಸಭೆ 1547ರಲ್ಲಿ ಇನ್ನೂ ಬೇರೆ ಥರ ಹೇಳ್ತು, ವಿಶೇಷ ಪ್ರಕಟಣೆ ಇಲ್ದೆ ಯಾರೂ ತಮ್ಮ ಕೊನೇ ಸ್ಥಿತಿ ಬಗ್ಗೆ ಪೂರ್ತಿ ನಿಶ್ಚಯದಿಂದ ಹೇಳೋ ಹಾಗಿಲ್ಲ ಅಂತ. ಈ ಜಗಳ ನೀವಿಬ್ರು ಹಾಸ್ಟೆಲಲ್ಲಿ ಒಂದು ರಾತ್ರೀಲಿ ಮುಗಿಸೋದಲ್ಲ. ಆದ್ರೆ ಇವರಲ್ಲಿ ಒಬ್ಬರೂ "ಹಾಗಾದ್ರೆ ಹೇಗೆ ಬೇಕಾದ್ರೂ ಇರು" ಅಂತ ಹೇಳ್ಲಿಲ್ಲ. ಡಾರ್ಟ್ ಕಡೆಯವರೇ ಬಳಸೋ ಹೈಡೆಲ್‌ಬರ್ಗ್ ಪ್ರಶ್ನೋತ್ತರ ಅಂತ 1563ರದ್ದು ಒಂದಿದೆ, ಅದರ 86ನೇ ಪ್ರಶ್ನೆ ನಿನ್ನದೇ, ಕೃಪೆಯಿಂದಲೇ ಬಿಡುಗಡೆ ಆಗಿರುವಾಗ ಒಳ್ಳೇ ಕೆಲಸ ಯಾಕೆ ಮಾಡ್ಬೇಕು ಅಂತ. ಉಪಕಾರ ಸ್ಮರಣೆಗೆ, ಮತ್ತೆ ಫಲ ನೋಡಿ ನಮ್ಮ ನಂಬಿಕೆ ಬಗ್ಗೆ ನಮಗೇ ನಿಶ್ಚಯ ಆಗೋಕೆ, ಪಕ್ಕದವರೂ ಕ್ರಿಸ್ತನ ಕಡೆ ಬರೋಕೆ ಅಂತ ಉತ್ತರ ಕೊಡುತ್ತೆ.

ನನಗೆ 2 ತಿಮೊಥೆಯ 2:19 ತುಂಬಾ ಇಷ್ಟ. ದೇವರ ಅಸ್ತಿವಾರದ ಮೇಲೆ ಒಂದು ಮುದ್ರೆ ಇದೆ ಅಂತಾನೆ ಪೌಲ, ಅದರಲ್ಲಿ ಮಾತು ಎರಡು: ತನ್ನವರು ಯಾರು ಅಂತ ಕರ್ತನಿಗೆ ಗೊತ್ತು, ಕರ್ತನ ಹೆಸರು ಹೇಳೋ ಪ್ರತಿಯೊಬ್ಬರೂ ಕೆಟ್ಟದ್ದನ್ನ ಬಿಟ್ಟು ದೂರ ಹೋಗ್ಲಿ. ನಿನ್ನ ರೂಮ್‌ಮೇಟ್ ಮೊದಲನೇ ಮಾತು ಮಾತ್ರ ಓದಿದ್ರೆ ನೀನು ಅವನಿಗೆ ಎರಡನೇದು ಓದಿ ಹೇಳು, ಅವನು ನಿನಗೆ ಮೊದಲನೇದು ಓದಿ ಹೇಳ್ಲಿ. ಇನ್ನೊಂದು ಮಾತು, ಪತ್ರದ ಕೊನೇಲಿ ಮೊಬೈಲ್ ವಿಷಯ ಅರ್ಧ ಬರೆದು ಬಿಟ್ಟಿದೀಯ. ಅದು ಅರ್ಥ ಆಯ್ತು. ಸಿದ್ಧಾಂತದ ಪ್ರಶ್ನೆ ಹಿಂದೆ ಅಡಗಿಕೊಳ್ಳಬೇಡ, ನಂಬಿಕಸ್ತರಾದ ಒಬ್ಬ ಹಿರಿಯರ ಹತ್ತಿರ ಹೋಗಿ ಬಾಯಿಬಿಟ್ಟು ಹೇಳು.

ಪ್ರಶ್ನೆ: ದುಬೈನಲ್ಲಿ ಕೆಲಸ ಸಿಕ್ಕಿದೆ. ಹೋಗೋದು ದೇವರ ಚಿತ್ತವೋ ಅಲ್ಲವೋ ಅಂತ ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟೆ, "ಎದ್ದು ಹೋಗು" ಅಂತ ಬಂತು. ಇನ್ನೊಂದು ಸಲ ಇಟ್ಟಾಗ "ಇಲ್ಲೇ ಇರಿ" ಅಂತ ಬಂತು. ಯಾವುದನ್ನ ತಗೊಳ್ಳಲಿ?

ಉತ್ತರ: ಎರಡನ್ನೂ ತಗೋಬೇಡಿ. ವೆಸ್ಲಿಯವರೂ ಕೆಲವು ಸಲ ಹೀಗೆ ತೆರೆದು ನೋಡ್ತಿದ್ರು, ಅದನ್ನ ಮುಚ್ಚಿಡಲ್ಲ, ಆದ್ರೆ ಅವರನ್ನ ಈ ವಿಷಯದಲ್ಲಿ ಹಿಂಬಾಲಿಸೋ ಅಗತ್ಯ ಇಲ್ಲ. ದೇವರ ಚಿತ್ತ ಅಂದ್ರೆ ಮುಚ್ಚಿಟ್ಟ ಲಾಟರಿ ನಂಬರ್ ಅಲ್ಲ. 1 ಥೆಸಲೋನಿಕ 4:3ರಲ್ಲಿ ನೀವು ಪವಿತ್ರರಾಗೋದೇ ದೇವರ ಚಿತ್ತ ಅಂತಿದೆ, 5:18ರಲ್ಲಿ ಎಲ್ಲದರಲ್ಲೂ ಸ್ತೋತ್ರ ಮಾಡೋದು ಅಂತಿದೆ, ಇವೆರಡೂ ದುಬೈಲೂ ಆಗುತ್ತೆ ದಾವಣಗೆರೇಲೂ ಆಗುತ್ತೆ. ನಿಮ್ಮ ಪತ್ರದಲ್ಲಿ ಅಮ್ಮನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಅಂತ ಒಂದೇ ಸಾಲು ಇದೆ. ಅವರನ್ನ ಯಾರು ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ ಅಂತ ಬರೆದಿಲ್ಲ. ನಿಮ್ಮ ಅಣ್ಣನೋ ತಂಗಿಯೋ ಸಂತೋಷದಿಂದ ಅದನ್ನ ವಹಿಸ್ಕೊಂಡು, ನಿಮ್ಮ ಸಂಬಳದಿಂದ ಅವರ ಖರ್ಚು ನಡೆಯೋ ಹಾಗಿದ್ರೆ ಪ್ರಾರ್ಥನೆ ಮಾಡಿ ಹೋಗಿ. ಯಾರೂ ಇಲ್ಲ ಅಂದ್ರೆ "ನಿನ್ನ ತಂದೆತಾಯಿಗಳನ್ನು ಸನ್ಮಾನಿಸು" ಅನ್ನೋದಕ್ಕೆ ಬೆರಳಿಟ್ಟು ಹುಡುಕೋ ಅಗತ್ಯ ಇಲ್ಲ. ಅಮ್ಮನ ಹತ್ತಿರಾನೇ ಕೂತು ಕೇಳಿ ಮೊದಲು.

ಪ್ರಶ್ನೆ: ಅಯ್ಯನವರೇ, ನಮ್ಮ ತಂದೆಗೆ 81 ವರ್ಷ. ನಲವತ್ತು ವರ್ಷ ಸಂಡೇ ಸ್ಕೂಲ್ ಟೀಚರ್ ಆಗಿದ್ದವರು. ಈಗ ಮರೆವಿನ ಕಾಯಿಲೆ. ನನ್ನ ಗುರುತೂ ಸಿಗಲ್ಲ, "ಯಾರಪ್ಪ ನೀವು" ಅಂತಾರೆ. ಹೋದ ವಾರ ಯೇಸುವಿನ ಪಟ ತೋರಿಸಿದ್ರೆ ಅದೂ ಯಾರು ಅಂತ ಗೊತ್ತಾಗ್ಲಿಲ್ಲ, ಅವತ್ತು ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಪ್ರಾರ್ಥನೆ ಇಲ್ಲ, ಕೆಲವು ಸಲ ಕೆಟ್ಟ ಮಾತೂ ಆಡ್ತಾರೆ, ಜೀವನದಲ್ಲಿ ಯಾವತ್ತೂ ಆಡಿದವರಲ್ಲ. ನಂಬಿಕೆಯೇ ನೆನಪಿಲ್ಲದವರಿಗೆ ರಕ್ಷಣೆ ಉಳಿದಿರುತ್ತಾ?

ಉತ್ತರ: ಉಳಿದಿರುತ್ತೆ. ಮೊದಲು ಈ ಒಂದು ಮಾತನ್ನ ಗಟ್ಟಿಯಾಗಿ ಹಿಡ್ಕೊಳ್ಳಿ, ಆಮೇಲೆ ಉಳಿದಿದ್ದು ಓದಿ.

ಇವತ್ತು ಬೆಳಿಗ್ಗೆ ಅವರಿಗೆ ಸ್ನಾನ ಮಾಡಿಸಿದ್ದು ನೀವೇ ಅಲ್ವಾ, ಗಡ್ಡ ಕೆರೆದಿದ್ದು, ಅಂಗಿ ಗುಂಡಿ ಹಾಕಿದ್ದು. ಯಾರಪ್ಪ ನೀವು ಅಂತ ಅವರು ಕೇಳಿದಾಗ ನೀವು, ಸರಿ ಇವರಿಗೆ ನನ್ನ ಗುರುತಿಲ್ಲ, ಇನ್ಮೇಲೆ ಇವರು ನನ್ನ ತಂದೆ ಅಲ್ಲ ಅಂತ ಎದ್ದು ಹೋದ್ರಾ? ಇಲ್ಲ. ಅವರಿಗೆ ನಿಮ್ಮ ಗುರುತು ತಪ್ಪಿದೆ, ನಿಮಗೆ ಅವರ ಗುರುತು ತಪ್ಪಿಲ್ಲ, ಅದಕ್ಕೇ ಆ ಮನೇಲಿ ಅವರು ಇನ್ನೂ ಅಪ್ಪನೇ. ಮೇಲೆ ಮತ್ತಾಯ 7:23 ಬಗ್ಗೆ ಬರೆದೆನಲ್ಲ, ಅಲ್ಲಿ ಯೇಸು ಕೇಳೋದು ನಿನಗೆ ನನ್ನ ನೆನಪಿದೆಯಾ ಅಂತಲ್ಲ. ನನಗೆ ನಿನ್ನ ಗುರುತಿದೆಯಾ ಅನ್ನೋದರ ಮೇಲೇ ಎಲ್ಲಾ ನಿಂತಿದೆ. ಯೋಹಾನ 10ರಲ್ಲಿ ಒಳ್ಳೇ ಕುರುಬ ತನ್ನ ಕುರಿಗಳ ಗುರುತು ನನಗಿದೆ, ಅವುಗಳನ್ನ ನನ್ನ ಕೈಯಿಂದ ಯಾರೂ ಕಿತ್ಕೊಳ್ಳಲ್ಲ ಅಂತಾನೆ. ಕಾಯಿಲೆಗೂ ಆಗಲ್ಲ. ಯೆಶಾಯ 46:4ರಲ್ಲಿ ನಿಮಗೆ ಮುಪ್ಪು ಬಂದ್ರೂ ನರೆ ಬಂದ್ರೂ ನಾನೇ ಹೊರ್ತೀನಿ ಅಂತ ದೇವರು ಹೇಳಿದಾನೆ, ಹೊತ್ತುಕೊಳ್ಳೋದು ಅಂದ್ರೇನು ಅಂತ ಈಗ ನಿಮ್ಮ ಭುಜಕ್ಕೆ ಚೆನ್ನಾಗಿ ಗೊತ್ತು.

ಆ ಕೆಟ್ಟ ಮಾತುಗಳನ್ನ ಅವರ ಲೆಕ್ಕಕ್ಕೆ ಬರೀಬೇಡಿ, ಕಾಯಿಲೆ ಲೆಕ್ಕಕ್ಕೆ ಬರೀರಿ. ವಿಧೇಯತೆ ಅವರು ನಲವತ್ತು ವರ್ಷ ತೋರಿಸಿ ಆಯ್ತು, ಈಗ ಆ ಮನೇಲಿ ವಿಧೇಯತೆಯ ಸರದಿ ನಿಮ್ಮದು, ಅದನ್ನ ನೀವು ಮಾಡ್ತಾನೂ ಇದೀರಿ.

ಪಟ ತೋರಿಸಿ ಪರೀಕ್ಷೆ ಮಾಡೋದು ಬಿಟ್ಟುಬಿಡಿ, ಅದರಿಂದ ಅವರಿಗೂ ಗಾಬರಿ ನಿಮಗೂ ನೋವು. ನಿಮ್ಮ ಪಾಸ್ಟರ್‌ಗೆ ಹೇಳಿ ಮನೆಗೇ ಕರ್ತನ ಭೋಜನ ತರೋಕೆ ಹೇಳಿ, ಅರ್ಥ ಆಗಲ್ಲ ಅಂತ ತಪ್ಪಿಸಬೇಡಿ. ಸಂಜೆ ದೀಪ ಹಚ್ಚೋ ಹೊತ್ತಿಗೆ ಅವರ ಪಕ್ಕದಲ್ಲಿ ಕೂತು ಕೈ ಹಿಡ್ಕೊಂಡು ಕರ್ತನ ಪ್ರಾರ್ಥನೆ ಹೇಳಿ, ಹೊಸ ಅನುವಾದ ಬೇಡ, ಅವರು ಮಕ್ಕಳಿಗೆ ಬಾಯಿಪಾಠ ಮಾಡಿಸ್ತಿದ್ರಲ್ಲ, ಆ ಹಳೇದೇ. ಮರೆವಿನವರಿಗೆ ಬೇರೆಲ್ಲಾ ಹೋದ್ರೂ ಚಿಕ್ಕಂದಿನ ಹಾಡು, ಪ್ರಾರ್ಥನೆ ಎಷ್ಟೋ ಸಲ ನಾಲಿಗೆ ಮೇಲೆ ಉಳಿದಿರುತ್ತೆ. ನಿಧಾನಕ್ಕೆ ಹೇಳಿ. "ನಿನ್ನ ಚಿತ್ತವು" ಅನ್ನೋ ಜಾಗದಲ್ಲಿ ಸ್ವಲ್ಪ ನಿಲ್ಲಿಸಿ, ಅವರ ತುಟಿ ನೋಡಿ. ಅಲುಗಾಡಿದ್ರೆ ಮುಂದಿನದ್ದು ಅವರೇ ಹೇಳ್ತಾರೆ. ಅಲುಗಾಡದಿದ್ರೆ ಅವರ ಪರವಾಗಿ ನೀವೇ ಮುಗಿಸಿ, ನಾಳೆ ಸಂಜೆ ಮತ್ತೆ ಕೂತ್ಕೊಳ್ಳಿ.